ಮಾಮ ವಾದ ಗೆದ್ದ ಶನಿವಾರ

"ನನ್ನ ಲೋಪೆಜ್‌ಗೆ ಐದು ಚಿನ್ನ ಕಣೋ, ಐದು! ಕುಸ್ತಿಯ ಒಂದೇ ವಿಭಾಗದಲ್ಲಿ, ಐದು ಒಲಿಂಪಿಕ್ಸ್‌ನಲ್ಲಿ, ಸಾಲಾಗಿ! ನಿನ್ನ ಕರೇಲಿನ್‌ಗೆ ಎಷ್ಟು? ಬಾಯಿಬಿಟ್ಟು ಹೇಳು."

"ಮೂರು."

"ಮೂರು ದೊಡ್ಡದೋ, ಐದು ದೊಡ್ಡದೋ?"

"ನೀನು... ದೊಡ್ಡ... ದಡ್ಡ."

ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ. ಮಾಮ ಬೈಸಿಕೊಂಡ ಖುಷಿಗೆ ಹಲ್ಲು ಕಿರಿದು ನನ್ನ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನೇ? ಮೂರು ಮಾತು, ಒಟ್ಟಿಗೆ!" ಎಂದರು, ಲಾಟರಿ ಹೊಡೆದವರ ಹಾಗೆ.

ಬೈದವರು ಗಡಿಯಾರದ ಅಂಕಲ್. ಹಿಂದಿನ ವರ್ಷ ಅವರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಜೊತೆಗೆ ಮುಕ್ಕಾಲು ಪಾಲು ಮಾತು ಹೋಗಿತ್ತು. ಗಡಿಯಾರ ರಿಪೇರಿ ಮಾಡುವವರಿಗೆ ಬಲಗೈ ಹೋದರೆ ಏನು ಉಳಿಯುತ್ತದೆ ಹೇಳಿ. ಮನೆಯಲ್ಲಿ ಮಗಳ ಹತ್ತಿರ "ನೀರು", "ಬೇಡ", "ಹೂಂ" ಇಷ್ಟೇ. ಡಾಕ್ಟರ ಹತ್ತಿರ ಅದೂ ಇಲ್ಲ. ಮಾತು ಕಲಿಸಲು ಬರುತ್ತಿದ್ದ ಮೇಡಂ ಚಿತ್ರದ ಕಾರ್ಡು ಹಿಡಿದು "ಇದು ಏನು? ಹಸು. ಹೇಳಿ, ಹಸು" ಎಂದರೆ, ಅಂಕಲ್ ಹಸುವನ್ನೂ ಮೇಡಮ್ಮನ್ನೂ ಒಂದೇ ರೀತಿ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಆಮೇಲೆ ಮಾಮ ಒಂದು ದಿನ ನೋಡಲು ಹೋಗಿ, ಏನು ಮಾತಾಡಬೇಕೆಂದು ಗೊತ್ತಾಗದೆ, "ಏನೇ ಆಗ್ಲಿ, ನಿನ್ನ ಕರೇಲಿನ್ ಕೊನೇಲಿ ಸೋತ ಕಣೋ" ಎಂದುಬಿಟ್ಟಿದ್ದಾರೆ. ಹಾಸಿಗೆಯ ಮೇಲಿದ್ದ ಮನುಷ್ಯ ಎಡಗೈ ಎತ್ತಿ, "ಸುಳ್ಳು... ರೂಲ್ಸು... ಮೋಸ!" ಎಂದರಂತೆ. ಮಗಳು ಅಡುಗೆಮನೆಯಿಂದ ಓಡಿಬಂದಳಂತೆ. ಮಾತಿನ ಮೇಡಂ ಈ ಕಥೆ ಕೇಳಿ ಹಸುವಿನ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಮಾಮನಿಗೆ ಹೇಳಿದ್ದು ಒಂದೇ: "ನೀವು ವಾರವಾರ ಬಂದು ಇವರ ಜೊತೆ ಜಗಳ ಆಡಿ. ನಿಲ್ಲಿಸಬೇಡಿ."

ಹೀಗೆ ನನ್ನ ಮಾಮನಿಗೆ ಜೀವನದಲ್ಲಿ ಮೊದಲ ಬಾರಿ ಜಗಳವನ್ನೇ ಔಷಧಿಯಾಗಿ ಕೊಡುವ ಕೆಲಸ ಸಿಕ್ಕಿತು. ನನ್ನ ಕೆಲಸ ಫೋನಿನಲ್ಲಿ ಹಳೆಯ ಪಂದ್ಯಗಳ ವೀಡಿಯೊ ಹುಡುಕಿಕೊಡುವುದು. ಪ್ರತಿ ಶನಿವಾರ ನಾನು ಹಾಸ್ಟೆಲಿನಿಂದ ಎರಡು ಬಸ್ಸು ಬದಲಿಸಿ ಅಂಕಲ್ ಮನೆಗೆ ಬರುತ್ತಿದ್ದೆ, ಸತ್ಯವಾಗಿ ಹೇಳುತ್ತೇನೆ, ನನ್ನ ಇಡೀ ವಾರದಲ್ಲಿ ಅದಕ್ಕಿಂತ ಮಜವಾದ ಗಂಟೆ ಬೇರೆ ಇರಲಿಲ್ಲ.

ಮಾಮ ಅಂದರೆ ಅಮ್ಮನ ಅಣ್ಣ. ಹಾಸಿಗೆ ಹೊಲಿಯುವವರು. ಅಂಗಡಿಯ ಒಳಗೆ ಹೋದರೆ ಮೊದಲು ಮಾಮ ಕಾಣುವುದಿಲ್ಲ, ಹತ್ತಿ ಕಾಣುತ್ತದೆ. ಹತ್ತಿಯ ಗುಡ್ಡೆ ಅಲುಗಾಡಿ, ಅದರೊಳಗಿಂದ ಒಂದು ದಬ್ಬಳ, ದಬ್ಬಳದ ಹಿಂದೆ ಒಂದು ದಪ್ಪ ಕೈ, ಕೈಯ ಹಿಂದೆ ಮಾಮ ಬರುತ್ತಾರೆ. ಹುಬ್ಬು, ಮೀಸೆ, ಕಿವಿ, ಎಲ್ಲಾ ಕಡೆ ಹತ್ತಿ. ಕಿವಿ ಅಂದರೆ ಅದೇನು ಕಿವಿಯೇ? ವರ್ಷಗಟ್ಟಲೆ ಕುಸ್ತಿಯಲ್ಲಿ ಉಜ್ಜಿಸಿಕೊಂಡು ಗಂಟುಗಂಟಾಗಿ, ಯಾರೋ ಹಿಟ್ಟು ಕಲಸಿ ಅಂಟಿಸಿದ ಹಾಗಿದೆ. ಚಿಕ್ಕವಳಿದ್ದಾಗ ನಾನು ಅದನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದೆನಂತೆ.

ಪಕ್ಕದ ಗೂಡಂಗಡಿ ಗಡಿಯಾರದ ಅಂಕಲ್‌ದು, ಬೀರುವಿನಷ್ಟು ಅಗಲ. ಒಬ್ಬರ ಕೆಲಸಕ್ಕೆ ಒಂದು ಎಳೆ ಹತ್ತಿ ಹಾರಿದರೂ ಕೇಡು, ಇನ್ನೊಬ್ಬರ ಕೆಲಸವೇ ಹತ್ತಿ ಹಾರಿಸುವುದು. ಹಾಗಿದ್ದೂ ಇಬ್ಬರೂ ಅಕ್ಕಪಕ್ಕವೇ ಅಂಗಡಿ ಇಟ್ಟರು. ಕೇಳಿದರೆ ಮಾಮ, "ಬೇರೆ ಕಡೆ ಅಂಗಡಿ ಇಟ್ರೆ ಅವನನ್ನ ಬಯ್ಯೋಕೆ ದಿನಾ ಅಲ್ಲಿವರೆಗೂ ನಡೀಬೇಕಲ್ಲ" ಎನ್ನುತ್ತಿದ್ದರು. ಇಬ್ಬರೂ ಒಂದೇ ಕುಸ್ತಿ ಕ್ಲಬ್ಬಿನವರು, ಒಂದೇ ತೂಕದವರು. ಮಾಮನಿಗೆ ಕ್ಲಬ್ಬಿನಲ್ಲಿ ಇದ್ದ ಹೆಸರು ಮೂಟೆ. ಎಸೆಯಲು ಅಷ್ಟು ಅನುಕೂಲ. ಅಮ್ಮ ಹೇಳುವ ಪ್ರಕಾರ ಮಾಮ ಗೆದ್ದು ಮನೆಗೆ ಬಂದಿದ್ದು ಒಂದೇ ಸಲ, ಅವತ್ತು ಎದುರಾಳಿಗೆ ಭೇದಿಯಾಗಿ ಬಂದಿರಲಿಲ್ಲ. ಗಡಿಯಾರದ ಅಂಕಲ್ ಎದುರು ಮಾತ್ರ ಅದೂ ಇಲ್ಲ. "ಅವನ ಬೆನ್ನು ನಾನು ನೋಡೇ ಇಲ್ಲ ಕಣೇ. ನನ್ನ ಬೆನ್ನು ಅವನಿಗೆ ಬಾಯಿಪಾಠ," ಎಂದು ಮಾಮ ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಮ್ಯಾಟಿನ ಮೇಲೆ ಗೆಲ್ಲಲಾಗದ್ದನ್ನು ಮಾತಿನಲ್ಲಿ ಗೆಲ್ಲುತ್ತೇನೆಂದು ಹೊರಟದ್ದೇ ಈ ವಾದ: ಒಲಿಂಪಿಕ್ಸ್ ಕುಸ್ತಿಯಲ್ಲಿ ಇದುವರೆಗಿನ ಎಲ್ಲರಿಗಿಂತ ದೊಡ್ಡವನು ಯಾರು? ಅಂಕಲ್‌ಗೆ ಉತ್ತರ ಮೊದಲಿನಿಂದಲೂ ಒಂದೇ, ರಷ್ಯದ ಕರೇಲಿನ್. ಹದಿಮೂರು ವರ್ಷ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಯಾರಿಗೂ ಸೋಲದವನು, ಬೋರಲು ಬಿದ್ದ ನೂರು ಕಿಲೋ ದಾಟಿದ ಮನುಷ್ಯನನ್ನು ಸೊಂಟಕ್ಕೆ ಕೈಹಾಕಿ ನೆಲದಿಂದ ಕಿತ್ತು ಎತ್ತಿ ಎಸೆಯುವವನು. ಮಾಮ ಮೊದಲು ಹಳೆಯ ಸೋವಿಯತ್‌ನ ಮೆಡ್ವೆಡ್ ಪಾರ್ಟಿ, ಮೂರು ತೂಕದಲ್ಲಿ ಮೂರು ಚಿನ್ನ ಎಂಬ ಕಾರಣಕ್ಕೆ. ಆಮೇಲೆ ಕ್ಯೂಬಾದ ಲೋಪೆಜ್ ನಾಲ್ಕನೆಯ ಚಿನ್ನ ಹೊಡೆದ ಸಂಜೆ ಲೋಪೆಜ್ ಕಡೆ ಜಿಗಿದರು. "ಪಕ್ಷಾಂತರಿ!" ಎಂದು ಅಂಕಲ್ ಗೂಡಂಗಡಿಯಿಂದ ಕೂಗಿದ್ದು ಇಡೀ ಬೀದಿಗೆ ಕೇಳಿತ್ತು. ಐದನೆಯದನ್ನೂ ಗೆದ್ದು ಲೋಪೆಜ್ ಮ್ಯಾಟಿನ ನಡುವೆ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹೊರಗೆ ನಡೆದಾಗ ಮಾಮ ಅತ್ತರು. ಅಂಕಲ್, "ಬೂಟು ಬಿಗಿಯಾಗಿತ್ತು ಅನ್ಸತ್ತೆ" ಎಂದರು.

ವಾದಕ್ಕೆ ಅವರದೇ ಒಂದು ಕಾನೂನಿತ್ತು. ಬಾಯಲ್ಲಿ ಹೇಳಿದರೆ ಸಾಲದು, ಪಟ್ಟು ಹಾಕಿ ತೋರಿಸಬೇಕು. ತೋರಿಸುವುದು ಯಾರ ಮೇಲೆ? ಸುತ್ತಿಟ್ಟ ಹಾಸಿಗೆಯ ಮೇಲೆ. ಹಾಸಿಗೆ ತೆಗೆದುಕೊಂಡು ಹೋಗಲು ಬಂದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, "ರೀ, ನನ್ನ ಮಗಳ ಹಾಸಿಗೇನ ಯಾಕ್ರೀ ಹಾಗೆ ಎತ್ತಿ ಎತ್ತಿ ಒಗೀತಿದೀರಾ?" ಎಂದಾಗ ಮಾಮ ಏದುಸಿರು ಬಿಡುತ್ತಾ, "ಹತ್ತಿ ಹದವಾಗತ್ತಮ್ಮಾ" ಎಂದಿದ್ದರು. ಆ ಹೆಂಗಸು ಆಮೇಲೆ ತನ್ನ ನಾದಿನಿಯನ್ನೂ ಕಳಿಸಿ, "ಅವರಿಗೂ ಹಾಗೇ ಒಗೆದು ಕೊಡಿ" ಎಂದು ಹೇಳಿಸಿದರಂತೆ!

ಸರಿ, ಆ ಶನಿವಾರಕ್ಕೆ ಬರುತ್ತೇನೆ. "ದೊಡ್ಡ ದಡ್ಡ" ಆದ ಮೇಲೆ ಎಲ್ಲರಿಗೂ ಉಮೇದು ಬಂದಿತ್ತು. ಅಂಕಲ್ ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಕೆನ್ನೆ ಕೆಂಪಾಗಿತ್ತು. ನಾನೂ ನಡುವೆ ಬಾಯಿಹಾಕಿ, "ನನ್ನ ಓಟು ಇಚೋಗೆ. ಜಪಾನಿನ ಹುಡುಗಿ, ನಾಲ್ಕು ಚಿನ್ನ. ನೀವಿಬ್ಬರೂ ಬರೀ ಗಂಡಸರ ಲೆಕ್ಕ ಹಾಕ್ತೀರಾ" ಎಂದೆ. ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು. ಮಾಮ, "ನಾಲ್ಕು ಐದಕ್ಕಿಂತ ಕಮ್ಮಿ ಕಣೇ" ಎಂದರೆ, ಅಂಕಲ್, "ಸು... ಸುಮ್ನಿರು" ಎಂದರು. ಅಂಕಲ್ ಮಗಳು, ನಾನು ಅಕ್ಕ ಎನ್ನುತ್ತೇನೆ, ಔಷಧಿ ಅಂಗಡಿಯಲ್ಲಿ ಕೆಲಸ, ಅವತ್ತು ಮಾತ್ರೆ ಪಟ್ಟಿಯನ್ನು ಕತ್ತರಿಸುತ್ತಾ ಕೂತಿದ್ದವಳು, "ಅಪ್ಪನಿಗೆ ಸುಮ್ನಿರು ಅಂತಲೂ ಬಂತು!" ಎಂದು ನಕ್ಕಳು.

ಮಾಮನಿಗೆ ಅಲ್ಲಿಗೇ ನಿಲ್ಲಿಸಲು ಆಗಲಿಲ್ಲ. "ಕರೇಲಿನ್ ಎತ್ತಿದ್ದೇನು ಮಹಾ? ಅಷ್ಟು ಎತ್ತರ, ಅಷ್ಟು ಉದ್ದ ಕೈ ಇದ್ರೆ ನಾನೂ ಎತ್ತಿದ್ದೆ" ಎಂದರು.

"ನಿಂಗೆ... ಬರಲ್ಲ."

"ಏನು ಬರಲ್ಲ?"

"ಎತ್ತೋಕೆ. ನನ್ನ... ಎತ್ತು. ನೋಡಣ."

ವ್ಯಾಯಾಮ ಹೇಳಿಕೊಡುವ ಫಿಸಿಯೋ ಎಲ್ಲರಿಗೂ ಪಾಠ ಮಾಡಿದ್ದರು: ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಿ, ಬೆಲ್ಟು ಹಿಡಿದು ಎಬ್ಬಿಸಬೇಕು, ಕಂಕುಳಿಗೆ ಕೈ ಹಾಕಿ ಎಂದಿಗೂ ಎಳೆಯಬಾರದು, ಸೋತ ಕಡೆಯ ಭುಜಕ್ಕೆ ಬಲ ಇರುವುದಿಲ್ಲ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವರು ಮಾಮನೇ. ಅಕ್ಕ ಬೆಲ್ಟು ಸ್ವಲ್ಪ ಸಡಿಲ ಕಟ್ಟಿದರೂ ಬಯ್ಯುತ್ತಿದ್ದರು. ಆದರೆ ಅದು ರೋಗಿಯನ್ನು ಎಬ್ಬಿಸುವ ವಿಷಯ. ಇದು ಕುಸ್ತಿಯ ವಿಷಯ. ಮಾಮ ತೋಳು ಮಡಚಿದರು, ಮೊಣಕಾಲು ಬಗ್ಗಿಸಿದರು, ಗೆಳೆಯನ ಎರಡೂ ಕಂಕುಳ ಕೆಳಗೆ ಕೈ ತೂರಿಸಿ ಬೆನ್ನ ಹಿಂದೆ ಬೆರಳು ಕೊಂಡಿ ಹಾಕಿ, ಒಂದೇ ಉಸಿರಿಗೆ ಎತ್ತಿಯೇಬಿಟ್ಟರು. ಅಂಕಲ್ ಕಾಲಿನಿಂದ ಚಪ್ಪಲಿ ಕಳಚಿಬಿತ್ತು. ಪಾದ ನೆಲ ಬಿಟ್ಟಿತ್ತು.

ಅಂಕಲ್ ನಕ್ಕರು. ಬಾಯಿ ಒಂದು ಕಡೆಗೇ ತೆರೆಯುತ್ತಿತ್ತು, ಆದರೂ ಗಹಗಹಿಸಿ ನಕ್ಕರು, ಮಾಮನ ಹೆಗಲ ಮೇಲೆ ಗಲ್ಲ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ನಕ್ಕು ಹೇಳಿದರು: "ಬಿಡಬೇಡ. ಕೈ ಬಿಟ್ರೆ ಪಾಯಿಂಟು ನಂಗೆ."

ಇಡೀ ವಾಕ್ಯ! ಎಲ್ಲೂ ನಿಲ್ಲದೆ! ಕರೇಲಿನ್ ಸೋತದ್ದೂ ಹಾಗೆಯೇ, ಒಬ್ಬರನ್ನೊಬ್ಬರು ಅಪ್ಪಿ ಹಿಡಿದಾಗ ಯಾರ ಕೈ ಮೊದಲು ಬಿಡುತ್ತದೋ ಅವರ ಎದುರಾಳಿಗೆ ಪಾಯಿಂಟು, ಕರೇಲಿನ್‌ನ ಬೆರಳು ಒಂದು ಕ್ಷಣ ಕಳಚಿತ್ತು, ಅಷ್ಟೇ. ಅಂಕಲ್‌ಗೆ ಎಲ್ಲವೂ ನೆನಪಿತ್ತು, ನೆನಪಿರುವುದನ್ನು ತಮಾಷೆ ಮಾಡಲೂ ಬಂತು. ನಾವು ಮೂವರೂ ಕೂಗಾಡಿದೆವು. ಪಕ್ಕದ ಮನೆಯವರು ಬಾಗಿಲು ತಟ್ಟಿ, ಏನಾಯಿತು ಎಂದು ಕೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಮಾಮ ಸೀಟು ಸಿಕ್ಕರೂ ಕೂರಲಿಲ್ಲ. "ಆರು ತಿಂಗಳು ಕಣೇ. ಆರು ತಿಂಗಳಲ್ಲಿ ಅವನು ಅಂಗಡಿಗೆ ಬಂದು ನನ್ನ ಬಯ್ತಾನೆ, ಬೇಕಾದ್ರೆ ಬರೆದಿಟ್ಕೋ."

ಮರುದಿನ ಬೆಳಿಗ್ಗೆ ಅಕ್ಕ ಫೋನು ಮಾಡಿದಳು. ಅಪ್ಪನ ಬಲಭುಜ ಜಾರಿದೆ, ಕೈ ತೊಟ್ಟು ಕಳಚಿದ ಹಾಗೆ ಜೋತುಬಿದ್ದಿದೆ, ರಾತ್ರಿಯೆಲ್ಲ ನರಳಿದ್ದಾರೆ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ, ನಿಧಾನವಾಗಿ ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಕೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ಕಟ್ಟಿದರು. ನೋವಿಗೆ ಅಂಕಲ್ ವ್ಯಾಯಾಮ ಬಿಟ್ಟರು, ಮೊದಲು ಕೈಯದು, ಆಮೇಲೆ ಕಾಲಿನದು. ಗಾಲಿಕುರ್ಚಿಯಲ್ಲಿ ಕೂರುವುದೂ ಕಮ್ಮಿಯಾಯಿತು. ಅಕ್ಕ ಬಯ್ಯಲಿಲ್ಲ. ಮಾಮ ಹೋಗಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಾಗ, "ನೀವೇನು ಬೇಕಂತ ಮಾಡಿದ್ರಾ ಚಿಕ್ಕಪ್ಪ? ಬನ್ನಿ ಒಳಗೆ" ಎಂದಳು. ಬೈದಿದ್ದರೆ ಮಾಮನಿಗೆ ಹಗುರವಾಗುತ್ತಿತ್ತು. ಅವತ್ತಿನಿಂದ ಮಾಮ ಗೆಳೆಯನನ್ನು ಮುಟ್ಟಿಲ್ಲ. ಮಂಚದಿಂದ ಒಂದು ಮಾರು ದೂರ ಕುರ್ಚಿ ಹಾಕಿಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ.

ಡಾಕ್ಟರು ಅಕ್ಕನಿಗೆ ಹೇಳಿದ್ದು ಇಷ್ಟು: ಕೈ ಇನ್ನು ಬರುವುದಿಲ್ಲ, ಕಾಲೂ ಬಹುಶಃ ಇಲ್ಲ, ಮಾತು ಎಷ್ಟಿದೆಯೋ ಅಷ್ಟನ್ನು ಉಳಿಸಿಕೊಂಡರೆ ದೊಡ್ಡದು. ಅಂದರೆ ಉಳಿದದ್ದು ಜಗಳ ಒಂದೇ. ಮಾಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಂಗಡಿಯಲ್ಲಿ ಹತ್ತಿ ತುಂಬುತ್ತಾ ವಾರವಿಡೀ ಹೊಸ ಹೊಸ ಬೈಗುಳ, ಹೊಸ ಹೊಸ ಕುಹಕ ತಯಾರು ಮಾಡುತ್ತಿದ್ದರು. "ಇದಕ್ಕೆ ಅವನು ಸುಮ್ನಿರಲ್ಲ ನೋಡು" ಎಂದು ನನಗೆ ಫೋನಿನಲ್ಲಿ ಮೊದಲೇ ಹೇಳಿ ತೋರಿಸುತ್ತಿದ್ದರು. ಶನಿವಾರ ಅಂಕಲ್ "ಸುಳ್ಳು" ಎನ್ನುತ್ತಿದ್ದರು. ಮುಂದಿನ ಶನಿವಾರವೂ "ಸುಳ್ಳು." ಅದರ ಮುಂದಿನ ಶನಿವಾರ ತಲೆ ಮಾತ್ರ ಆಡಿಸಿದರು. "ತಲೆ ಆಡಿಸಿದ್ದು ಅಡ್ಡಡ್ಡ ತಾನೆ? ಅಂದ್ರೆ ಒಪ್ಪಲ್ಲ ಅಂತ. ಅದು ಸಾಕು," ಎಂದು ಮಾಮ ಬಸ್‌ಸ್ಟಾಪಿನಲ್ಲಿ ನನಗೆ ಸಮಾಧಾನ ಹೇಳಿದರು, ನಾನು ಕೇಳಿರಲೇ ಇಲ್ಲ.

ಮೊನ್ನೆ ಶನಿವಾರ ನಾವು ಹೋದಾಗ ಅಂಕಲ್ ಗೋಡೆ ಕಡೆ ಮುಖಮಾಡಿ ಮಲಗಿದ್ದರು. ಕೋಣೆಯಲ್ಲಿ ಪೌಡರಿನ ವಾಸನೆ, ಅದರ ಕೆಳಗೆ ಮೂತ್ರದ ವಾಸನೆ. ಅಕ್ಕ ಅವರನ್ನು ಈ ಕಡೆ ತಿರುಗಿಸಿ, ಬೆನ್ನಿಗೆ ದಿಂಬು ಒತ್ತಿದಳು. ಮಾಮ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

"ಏನೋ ಗಡಿಯಾರ. ಒಂದು ವಿಷಯ ಗೊತ್ತಾಯ್ತು ನಂಗೆ. ನಿನ್ನ ಕರೇಲಿನ್ ಎತ್ತಿದ್ನಲ್ಲ, ಅವರೆಲ್ಲ ಮೊದಲೇ ಹೆದರಿ ಸತ್ತಿರ್ತಿದ್ರು. ಸತ್ತವರನ್ನ ಎತ್ತೋಕೆ ಕರೇಲಿನ್ ಯಾಕೆ ಬೇಕು? ನಾಲ್ಕು ಜನ ಸಾಕು."

ನಾನು ನಕ್ಕೆ. ಅಂಕಲ್ ನಗಲಿಲ್ಲ. ಮಾಮ ನನಗೆ ಕಣ್ಣುಸನ್ನೆ ಮಾಡಿದರು, ನಾನು ಫೋನು ತೆಗೆದು ಆ ಹಳೆಯ ಫೈನಲ್ ಹಾಕಿ ಅಂಕಲ್ ಮುಖದ ಮುಂದೆ ಹಿಡಿದೆ. ಕರೇಲಿನ್ ಮತ್ತು ಅವನನ್ನು ಸೋಲಿಸಿದ ಅಮೆರಿಕದ ದನದ ಫಾರಂ ಹುಡುಗ, ಇಬ್ಬರೂ ಎದೆಗೆ ಎದೆ ಒತ್ತಿ ನಿಂತಿದ್ದರು. ಅಂಕಲ್ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಡಗೈಯಿಂದ ಫೋನನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರು.

"ಲೋಪೆಜ್," ಎಂದರು.

"ಏನಂದೆ?" ಮಾಮ ಮುಂದಕ್ಕೆ ಬಾಗಿದರು.

"ಲೋಪೆಜೇ... ದೊಡ್ಡವನು. ನೀನು... ಹೇಳಿದ್ದೇ ಸರಿ."

"ಮಾಮಾ, ಗೆದ್ರಿ!" ಎಂದು ನಾನು ಕೂಗಿಬಿಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲವಲ್ಲವೇ! ಕೂಗಿ ಮಾಮನ ಮುಖ ನೋಡಿದೆ. ಆ ಮುಖ ಹೇಗಿತ್ತೆಂದರೆ, ಅವರನ್ನು ಯಾರೋ ಎತ್ತಿದ್ದಾರೆ, ಇನ್ನೂ ಕೆಳಗೆ ಹಾಕಿಲ್ಲ.

"ಹಾಗೆಲ್ಲ ಒಪ್ಕೋಬಾರ್ದು ಕಣೋ," ಎಂದರು ಮಾಮ. ದನಿ ಸಣ್ಣದಾಗಿತ್ತು. "ನಾನೇನೋ ತಮಾಷೆಗೆ ಅಂದೆ. ಸರಿಯಾಗಿ ಯೋಚನೆ ಮಾಡು. ಲೋಪೆಜ್ ಮೊದಲನೇ ಒಲಿಂಪಿಕ್ಸಲ್ಲಿ ಮೆಡಲ್ಲೇ ಗೆಲ್ಲಲಿಲ್ಲ. ಕರೇಲಿನ್ ಹೋದ ಮೊದಲನೇ ಸಲಾನೇ ಚಿನ್ನ ತಂದ. ಹದಿಮೂರು ವರ್ಷ! ಹದಿಮೂರು ವರ್ಷ ಒಬ್ಬನಾದ್ರೂ ಸೋಲಿಸಿದ್ನಾ? ಚಿನ್ನ ಎಣಿಸೋದು ಅಕ್ಕಸಾಲಿಗನ ಕೆಲಸ, ಕುಸ್ತಿಯವನು ಎದುರಿಗಿದ್ದವನ ಕಣ್ಣು ನೋಡ್ಬೇಕು. ಕರೇಲಿನ್ ಎದುರು ನಿಂತವರ ಕಣ್ಣು ನೋಡಿದೀಯಾ? ಕೊನೇಲಿ ಅವನ ಕೈ ಬಿಡಿಸಿದ್ದು ಮನುಷ್ಯ ಅಲ್ಲ, ಆಗಷ್ಟೇ ಬಂದ ಹೊಸಾ ರೂಲು. ಕರೇಲಿನ್ನೇ ಕಣೋ ದೊಡ್ಡವನು. ನಾನೇ ಹೇಳ್ತಿದೀನಿ ಈಗ. ನಾನು!"

ಒಂದೊಂದು ಮಾತೂ ಅಂಕಲ್‌ದೇ. ಗೂಡಂಗಡಿಯಿಂದ ಕೂಗಿದ್ದು, ಇಷ್ಟು ವರ್ಷ ಮಾಮ ಕಿವಿಗೇ ಹಾಕಿಕೊಳ್ಳಲಿಲ್ಲವೆಂದು ನಾವೆಲ್ಲ ತಿಳಿದಿದ್ದು. ಕರೇಲಿನ್ ಪರವಾಗಿ ಇಷ್ಟು ಚೆನ್ನಾಗಿ ಯಾರೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಈಗ ಪಕ್ಷಾಂತರಿ ಎಂದು ಬಯ್ಯುತ್ತಾರೆ, ಈಗ ಬಯ್ಯುತ್ತಾರೆ ಎಂದು ಕಾದೆ.

"ಅದೂ... ಸರಿ," ಎಂದರು ಅಂಕಲ್.

ಮಾಮ ನನ್ನ ಕಡೆ ಕೈ ತೋರಿಸಿದರು. "ಇವಳು, ಇವಳು ಅಂತಾಳೆ ಆ ಜಪಾನಿನ ಹುಡುಗಿ ನಮ್ಮಿಬ್ಬರ ಹುಲಿಗಳಿಗಿಂತ ದೊಡ್ಡವಳಂತೆ. ಹೇಳು ಇವಳಿಗೆ ಏನಾದ್ರೂ."

"ಹೂಂ."

ನೀರು ಬೇಕಾ ಎಂದಾಗ ಹೇಳುವ ಹೂಂ. ಬೆಡ್‌ಶೀಟು ಬದಲಿಸಲಾ ಎಂದಾಗ ಹೇಳುವ ಹೂಂ. ಆಮೇಲೆ ಅಂಕಲ್ ಕಣ್ಣು ಮುಚ್ಚಿಕೊಂಡು, "ಮೂಟೆ... ಸಾಕು" ಎಂದರು. ಕೋಪದಲ್ಲಿ ಅಲ್ಲ. ಬೇಡಿಕೊಳ್ಳುವ ಹಾಗೆ.

ಅಕ್ಕ ನಮ್ಮನ್ನು ಅಡುಗೆಮನೆಗೆ ಕರೆದಳು. ಸಿಂಕಿನಲ್ಲಿ ನಲ್ಲಿ ಬಿಟ್ಟು, ಅದರ ಸದ್ದಿನ ಮರೆಯಲ್ಲಿ ಮಾತಾಡಿದಳು.

"ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ಕುಸ್ತಿ ಮಾತು ಬೇಡ. ಶುಕ್ರವಾರ ಬಂತು ಅಂದ್ರೆ ಅಪ್ಪ ಊಟ ಬಿಡ್ತಾರೆ. ಮೊದಮೊದಲು ನಂಗೂ ಗೊತ್ತಾಗ್ಲಿಲ್ಲ. ನೀವು ಬಂದು ಕೇಳ್ತೀರಾ, ಉತ್ತರ ತಲೇಲಿರತ್ತೆ, ಬಾಯಿಗೆ ಬರಲ್ಲ. ಪರೀಕ್ಷೆಗೆ ಕೂರೋ ಮಕ್ಕಳ ಹಾಗಾಗಿದಾರೆ. ಇವತ್ತು ಒಪ್ಕೊಂಡಿದ್ದು ಅದಕ್ಕೇ. ಒಪ್ಕೊಂಡ್ರೆ ನೀವು ಬಿಡ್ತೀರಾ ಅಂತ."

ಮಾಮ ಸ್ಟೀಲ್ ಲೋಟ ಒಂದನ್ನು ತೆಗೆದುಕೊಂಡು ಒರೆಸಿದರು, ಒರೆಸಿದ್ದನ್ನೇ ಒರೆಸಿದರು. "ಮಾತಿನ ಮೇಡಂ ನಿಲ್ಲಿಸ್ಬೇಡಿ ಅಂದಿದ್ರಲ್ಲಮ್ಮ."

"ಅವರು ಬರೋದು ನಿಲ್ಲಿಸಿ ಎಷ್ಟು ದಿನ ಆಯ್ತು ಚಿಕ್ಕಪ್ಪ."

"ಹಾಗಾದ್ರೆ... ನಾನೂ ಬರೋದು ಬೇಡ್ವಾ?"

ಅಕ್ಕ ನಲ್ಲಿ ನಿಲ್ಲಿಸಿದಳು. ಬಹಳ ದಣಿದಿದ್ದಳು, ಅವಳಿಗೆ ಸಮಾಧಾನದ ಮಾತು ಹುಡುಕುವಷ್ಟೂ ಶಕ್ತಿ ಇರಲಿಲ್ಲವೇನೋ, ಕೆಲಸದ ಮಾತನ್ನೇ ಹೇಳಿದಳು. "ಮುಂದಿನ ಶನಿವಾರ ಬೆಳಿಗ್ಗೆ ಕ್ಷೌರದವರು ಮನೆಗೇ ಬರ್ತಾರೆ. ಕೂದಲು ಕತ್ತರಿಸೋ ಹೊತ್ತು ಅಪ್ಪನ್ನ ಕೂರಿಸಿ ಹಿಡ್ಕೋಬೇಕು, ಒಂದು ಕಡೆ ವಾಲ್ತಾರೆ. ನಂಗೊಬ್ಬಳಿಗೆ ಆಗಲ್ಲ."

"ನಾನು ಹಿಡ್ಕೊಳ್ಳೋದಾ?" ಮಾಮ ತಮ್ಮ ಕೈಗಳನ್ನೇ ನೋಡಿಕೊಂಡರು.

"ಬೆಲ್ಟ್ ಹಿಡ್ಕೊಳ್ಳಿ. ಅಷ್ಟೇ. ಮಾತಾಡ್ಬೇಡಿ."

ಹೊರಡುವಾಗ ಮಾಮ ಕೋಣೆಯ ಬಾಗಿಲಲ್ಲಿ ನಿಂತರು. ಅಂಕಲ್ ಮತ್ತೆ ಗೋಡೆ ಕಡೆ ತಿರುಗಿದ್ದರು.

ಇಬ್ಬರೂ ಬಸ್‌ಸ್ಟಾಪಿಗೆ ನಡೆದೆವು. ಬಸ್ಸು ತಿರುವಿನಲ್ಲಿ ಕಂಡಾಗ ಮಾಮ, "ಮುಂದಿನ ಶನಿವಾರ ಬೆಳಿಗ್ಗೆ ನಿಂಗೆ ಕ್ಲಾಸಿದ್ಯೇನೇ?" ಎಂದು ಕೇಳಿದರು.

"ಇದೆ. ಬಿಡ್ತೀನಿ."

"ಅಂಗಡಿ ಹತ್ರ ಬಾ. ಒಟ್ಟಿಗೆ ಹೋಗೋಣ. ನಾನು ಒಂದು ಕಡೆ, ನೀನು ಒಂದು ಕಡೆ ಹಿಡ್ಕೊಳ್ಳೋಣ."

ಸರಿ ಎಂದೆ. ಒಂಬತ್ತಕ್ಕೆ ಕ್ಷೌರದವರು ಬರುತ್ತಾರೆ, ಎಂಟೂವರೆಗೆ ಅಂಗಡಿಯ ಮುಂದೆ ಇರಬೇಕು.